ಹಳೇ ಪಿಸಿಗೆ ಹೊಸ ಕಾರ್ಡ್ ಹಾಕುವ ಮೊದಲು: ಮಗಳಿಗೊಂದು ಪತ್ರ

ಬೀದರ್

ಪ್ರೀತಿಯ ಮಗಳೇ,

ಆಟ ಆಡುವಾಗ ಪಿಸಿ ಸ್ಟಕ್ ಆಗುತ್ತಿದೆ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಆರ್‌ಟಿಎಕ್ಸ್ 3060 ಹಾಕಬೇಕು ಅಂತ ನೀನು ಕಳಿಸಿದ ಉದ್ದನೆಯ ಮೆಸೇಜ್ ಓದಿದೆ. ಫೋನಿನಲ್ಲಿ ಮಾತಾಡಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ನಿನ್ನದು. ಅದನ್ನು ಯಾವುದಕ್ಕೆ ಹಾಕಬೇಕು ಅನ್ನುವುದು ನಿನಗೇ ಬಿಟ್ಟಿದ್ದು. ಆದರೆ ಕೇಳಿದ್ದೀಯಲ್ಲ, ನನ್ನ ಮನಸ್ಸಿನಲ್ಲಿ ಇರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈಗಲೇ ಕಾರ್ಡ್ ಬೇಡ. ಪಿಸಿ ಎಲ್ಲಿ ತಡವರಿಸುತ್ತಿದೆ ಅಂತ ಮೊದಲು ಹಿಡಿ. ದುಡ್ಡು ಅಲ್ಲಿಗೇ ಹೋಗಲಿ.

ಗೇಮ್ ಬಿಡು, ಓದು ಅಂತ ಹೇಳಲು ಈ ಪತ್ರ ಅಲ್ಲ. ಹೆಣ್ಣುಮಕ್ಕಳಿಗೆ ಗೇಮಿಂಗ್ ಪಿಸಿ ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ನೀನು ಆಡುವಾಗ ಎಷ್ಟು ಖುಷಿಯಾಗಿರುತ್ತೀಯ ಅಂತ ನಾನು ನೋಡಿದ್ದೇನೆ.

ನಿನ್ನ ಪಿಸಿಯೊಳಗೆ ಏನೇನಿದೆ ಅಂತ ನನಗೆ ಚೆನ್ನಾಗಿ ನೆನಪಿದೆ. ರೈಜೆನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 8 ಜಿಬಿಯ ಒಂದೇ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 450 ವಾಟ್ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಹಂಚುವ ಡಬ್ಬಿ), ಆಮೇಲೆ ಹಾಕಿಸಿದ ಎಸ್‌ಎಸ್‌ಡಿ. 1600 ಬಂದಿದ್ದು 2017ರಲ್ಲಿ, ಕಾರ್ಡ್ ಅದಕ್ಕಿಂತ ಒಂದು ವರ್ಷ ಹಳೆಯದು. ವಯಸ್ಸಾಗಿದೆ ನಿಜ. ಆದರೆ ಎಲ್ಲ ಪಾರ್ಟ್‌ಗಳೂ ಒಂದೇ ಸಲ ಮುದುಕಾಗುವುದಿಲ್ಲ.

ನಮ್ಮ ಅಂಗಡಿಯನ್ನೇ ನೋಡು. ಪರೀಕ್ಷೆ ಫಾರ್ಮ್ ತುಂಬುವ ಸೀಸನ್‌ನಲ್ಲಿ ಮಕ್ಕಳು ಬೀದಿವರೆಗೂ ಸಾಲು ನಿಂತಿರುತ್ತಾರೆ. ಪ್ರಿಂಟರ್ ನಿಧಾನ ಇದ್ದರೆ ಕಂಪ್ಯೂಟರ್ ಎಷ್ಟೇ ಜೋರಿದ್ದರೂ ಆ ಸಾಲು ಕರಗುವುದಿಲ್ಲ. ಪಿಸಿಯಲ್ಲೂ ಒಂದು ಪಾರ್ಟ್ ಇನ್ನೊಂದನ್ನು ಕಾಯಿಸುತ್ತಿರುತ್ತದೆ. ಕಾಯಿಸುತ್ತಿರುವುದು ಯಾವುದು ಅಂತ ಕಂಡುಹಿಡಿಯಲು ಒಂದು ಪೈಸೆ ಖರ್ಚಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು, ಆಟ ನಡೆಯುವಾಗ ಜಿಪಿಯು (ಕಾರ್ಡಿನ ಚಿಪ್) ಬಳಕೆ ಎಷ್ಟಿದೆ ನೋಡು. ಶೇಕಡಾ 97, 98ರಲ್ಲಿ ನಿಂತಿದ್ದರೆ ಕಾರ್ಡ್ ತನ್ನ ಶಕ್ತಿಯೆಲ್ಲ ಹಾಕುತ್ತಿದೆ, ತಡ ಅದರದ್ದೇ. ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಬೀಳುವ ಹೊತ್ತಿಗೆ ಜಿಪಿಯು 50, 60ರಲ್ಲೇ ಇದ್ದರೆ ಕಾರ್ಡ್ ಸುಮ್ನೆ ಕೂತು ಪ್ರೊಸೆಸರ್‌ಗೋ ರ್‍ಯಾಮ್‌ಗೋ ಕಾಯುತ್ತಿದೆ. ಅಂಥಾ ಹೊತ್ತಲ್ಲಿ ಪ್ರೊಸೆಸರ್‌ನ ಒಟ್ಟು ಬಳಕೆ 40 ಅಂತ ತೋರಿಸಿದರೂ ಮೋಸ ಹೋಗಬೇಡ. ಪ್ರೊಸೆಸರ್ ಒಳಗೆ ಕೆಲಸಗಾರರಂತಿರುವ ಕೋರ್‌ಗಳಲ್ಲಿ ಒಂದೇ ತುಂಬಿ, ಉಳಿದವು ಖಾಲಿ ಇರಬಹುದು. ಇನ್ನೂ ಅನುಮಾನ ಇದ್ದರೆ ಆಟದ ರೆಸಲ್ಯೂಷನ್ (ಚಿತ್ರದ ಸೂಕ್ಷ್ಮತೆ) 720ಕ್ಕೆ ಇಳಿಸು, ಕಾರ್ಡಿನ ಕೆಲಸ ಕಡಿಮೆಯಾಗುತ್ತದೆ. ಫ್ರೇಮ್ ಏರದಿದ್ದರೆ ಕಾರ್ಡಿನ ತಪ್ಪಲ್ಲ.

ನೀನು ದಿನಾ ಆಡುವುದು ವ್ಯಾಲರಂಟ್ ತಾನೆ? ಆ ಆಟಕ್ಕೆ ಕಾರ್ಡ್‌ಗಿಂತ ಪ್ರೊಸೆಸರ್ ಮುಖ್ಯ. ಅದರಲ್ಲಿ 1050 ಟಿಐ ಇವತ್ತಿಗೂ ಕಷ್ಟಪಡುವುದಿಲ್ಲ. ಅದಕ್ಕಾಗಿ ಹೊಸ ಕಾರ್ಡ್ ತಂದರೆ ನಿನಗೆ ವ್ಯತ್ಯಾಸವೇ ಗೊತ್ತಾಗದೆ ಹೋಗಬಹುದು, ಆಮೇಲೆ ಬೇಜಾರಾಗುತ್ತದೆ. ಸೈಬರ್‌ಪಂಕ್ 2077 ಆಟದ ಮಾತು ಬೇರೆ. ಅದು ಕಡಿಮೆ ಅಂದರೂ 6 ಜಿಬಿಯ ಜಿಟಿಎಕ್ಸ್ 1060 ಮತ್ತು 12 ಜಿಬಿ ರ್‍ಯಾಮ್ ಕೇಳುತ್ತದೆ. ನಮ್ಮ ಪಿಸಿ ಎರಡರಲ್ಲೂ ಹಿಂದೆ.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಬೀದರಿನಲ್ಲಿದ್ದಾಗ ಈ ಪಿಸಿ ಇಷ್ಟು ಸ್ಟಕ್ ಆಗುತ್ತಿರಲಿಲ್ಲ. ನೀನು ಕಲಬುರಗಿಗೆ, ಮಾಮಾನ ಮನೆಗೆ ಒಯ್ದ ಮೇಲೆ ಶುರುವಾಗಿದ್ದು. ಬೀದರ್ ಎತ್ತರದ ಊರು, ಸಂಜೆಗೆ ಗಾಳಿ ತಂಪಾಗುತ್ತದೆ. ಕಲಬುರಗಿ ಬಿಸಿಲು ನಿನಗೆ ಹೇಳಬೇಕೇ? ಮೇ ತಿಂಗಳಲ್ಲಿ 42 ಡಿಗ್ರಿ ಅಲ್ಲಿ ಹೊಸ ಸುದ್ದಿಯಲ್ಲ. ಫ್ಯಾನ್ ಏನೇ ತಿರುಗಿದರೂ ಕೋಣೆಯ ಗಾಳಿಗಿಂತ ಪಿಸಿಯನ್ನು ತಣ್ಣಗೆ ಮಾಡಲಾರದು. ಬಿಸಿ ಮಿತಿ ಮೀರಿದರೆ ಪ್ರೊಸೆಸರ್, ಕಾರ್ಡ್ ಎರಡೂ ತಮ್ಮನ್ನು ಉಳಿಸಿಕೊಳ್ಳಲು ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದನ್ನೇ ನೀನು ಲ್ಯಾಗ್ ಅನ್ನುತ್ತಿರಬಹುದು.

ಹಾಗಾಗಿ ಮೊದಲು ಕ್ಯಾಬಿನೆಟ್ ಬಿಚ್ಚು. ಕರೆಂಟ್ ವೈರ್ ಪೂರ್ತಿ ತೆಗೆದು, ಬ್ಲೋವರ್‌ನಿಂದ ಧೂಳು ಹಾರಿಸು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೋ, ಬ್ಲೋವರ್ ಗಾಳಿಗೆ ಅದು ಜೋರಾಗಿ ತಿರುಗಬಾರದು. ಎರೆಮಣ್ಣಿನ ಊರಿನ ಧೂಳು ತುಂಬಾ ಸಣ್ಣ, ಬಿಸಿ ಎಳೆಯುವ ಹೀಟ್‌ಸಿಂಕ್‌ನ ಸಂದಿಯಲ್ಲಿ ಪದರ ಕಟ್ಟಿರುತ್ತದೆ. ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಹೊಸದು ಹಚ್ಚು. ಪಿಸಿಯನ್ನು ಮಾಮಾನ ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡಬೇಡ. ಕಲ್ಲು ತಂಪು ಅಂತ ಇಟ್ಟಿರುತ್ತೀಯ, ಆದರೆ ಕಸ ಗುಡಿಸಿದ ಧೂಳೆಲ್ಲ ನೇರ ಒಳಗೆ ಹೋಗುತ್ತದೆ. ಒಂದು ಸ್ಟೂಲ್ ಮೇಲೆ ಇಡು. ಕೂಲರ್ ಎದುರಿಗಂತೂ ಬೇಡವೇ ಬೇಡ, ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ.

ಇಷ್ಟಾದ ಮೇಲೂ ತಡವರಿಸಿದರೆ ಖರ್ಚಿನ ಮಾತು. ಮೊದಲು ಇನ್ನೊಂದು 8 ಜಿಬಿ ರ್‍ಯಾಮ್. ರ್‍ಯಾಮ್ ಬೆಲೆ ಏರಿದೆ, ಗೊತ್ತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದರಿಂದ ನಮ್ಮಂಥವರಿಗೆ ಬರೆ ಬಿದ್ದಿದೆ. ಆದರೂ ಒಂದೇ ರ್‍ಯಾಮ್‌ನಲ್ಲಿ ಓಡಿಸುವುದು ರೈಜೆನ್‌ಗೆ ದೊಡ್ಡ ಪೆಟ್ಟು. ಎರಡಿದ್ದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಪ್ರೊಸೆಸರ್‌ಗೆ ಡೇಟಾ ಎರಡು ದಾರಿಯಲ್ಲಿ ಬರುತ್ತದೆ. ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ, ಮೆಮೊರಿಯನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಕೊಟ್ಟ ದುಡ್ಡಿನ ವೇಗ ಸಿಗುವುದಿಲ್ಲ, ಮರೆಯಬೇಡ.

ಆಮೇಲೆ ಪ್ರೊಸೆಸರ್. ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ನಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್. 2022ರಲ್ಲಿ ರೈಜೆನ್ ಕಂಪನಿ ಎಎಂಡಿ, ನಮ್ಮ ಬಿ350 ಸೇರಿದಂತೆ ಹಳೇ 300 ಸರಣಿಯ ಬೋರ್ಡ್‌ಗಳಿಗೂ ರೈಜೆನ್ 5000 ಹಾಕಲು ಅವಕಾಶ ಕೊಟ್ಟಿತು. ಬೋರ್ಡ್ ಬದಲಿಸದೆ, ಅದೇ ರ್‍ಯಾಮ್ ಇಟ್ಟುಕೊಂಡು ರೈಜೆನ್ 5 5600 ಕೂರಿಸಬಹುದು. ಅದೂ 6 ಕೋರ್‌ನದೇ, ಆದರೆ ಒಂದೊಂದು ಕೋರ್‌ನ ಓಟ 1600ಕ್ಕಿಂತ ಬಹಳ ಮುಂದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ 1600 ಇಲ್ಲ, 5600 ಇದೆ. ಆ ತೊಂದರೆಯೂ ಇದರಲ್ಲೇ ತೀರುತ್ತದೆ. 11ರಲ್ಲಿ ವ್ಯಾಲರಂಟ್ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ಸೆಟ್ಟಿಂಗ್ ಆನ್ ಇರಬೇಕು, ಎರಡೂ ಬಯಾಸ್‌ನಲ್ಲೇ ಸಿಗುತ್ತವೆ.

ಆದರೆ ನೋಡವ್ವ, ಹಳೇ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಮೊದಲು ನಮ್ಮ ಬೋರ್ಡ್ ಮಾಡಿದ ಕಂಪನಿಯ ಪಟ್ಟಿಯಲ್ಲಿ 5600 ಇದೆಯಾ ನೋಡಿಕೋ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತೇ ಹೋಗಬಹುದು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡ. ಮಾಮಾನ ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟ್ ಕೊಡುವ ಬಗೆ) ಆಗಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲಿ ಕೆಲವು ಎಸ್‌ಎಂಪಿಎಸ್ ತಡೆಯದೆ ಪಿಸಿ ರೀಸ್ಟಾರ್ಟ್ ಆಗುತ್ತದೆ. ಅದನ್ನು ನಂಬಬೇಡ.

ಕಾರ್ಡ್ ಕೊನೆಗೆ. 2025ರ ಅಕ್ಟೋಬರ್ ನಂತರ ಎನ್‌ವಿಡಿಯಾ 1050 ಟಿಐಯಂಥ ತನ್ನ ಹಳೇ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ (ಹೊಸ ಆಟಗಳಿಗೆ ಕಾರ್ಡನ್ನು ಹೊಂದಿಸುವ ಸಾಫ್ಟ್‌ವೇರ್) ನಿಲ್ಲಿಸಿದೆ, ಭದ್ರತೆಯ ಅಪ್‌ಡೇಟ್ ಮಾತ್ರ 2028ರವರೆಗೆ. ಅಂದರೆ ಒಂದು ದಿನ ಬದಲಿಸಲೇಬೇಕು. ಆಗ ವಾಟ್ ನೆನಪಿಡು. ಈಗಿನ ಕಾರ್ಡ್ 75 ವಾಟ್‌ನದು. ಆರ್‌ಎಕ್ಸ್ 6600 ಕಾರ್ಡ್ ಆದರೆ 132 ವಾಟ್, ನಮ್ಮ 450 ವಾಟ್ ಎಸ್‌ಎಂಪಿಎಸ್ ಲೆಕ್ಕದಲ್ಲಿ ಸಾಕು. ನೀನು ಹೇಳಿದ ಆರ್‌ಟಿಎಕ್ಸ್ 3060 170 ವಾಟ್ ಎಳೆಯುತ್ತದೆ, ಅದಕ್ಕೆ ಎನ್‌ವಿಡಿಯಾ 550 ವಾಟ್ ಇರಲಿ ಅನ್ನುತ್ತದೆ. ಆಗ ಎಸ್‌ಎಂಪಿಎಸ್ ಕೂಡ ಹೊಸದು. ನಿಜ ಹೇಳಬೇಕೆಂದರೆ ಇಷ್ಟು ವರ್ಷ ಏರಿಳಿತದ ಕರೆಂಟ್ ತಿಂದ ಎಸ್‌ಎಂಪಿಎಸ್ ಮೇಲೆ ಯಾವ ಹೊಸ ಕಾರ್ಡನ್ನೂ ಕೂರಿಸಲು ನನಗೆ ಧೈರ್ಯವಿಲ್ಲ. ಅದು ಕೆಟ್ಟರೆ ಒಂದೇ ಹೋಗುವುದಿಲ್ಲ, ಪಕ್ಕದ್ದನ್ನೂ ಕರೆದುಕೊಂಡು ಹೋಗುತ್ತದೆ.

ಅಗ್ಗ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರೆ ತಗೋಬೇಡ. ಅದು ಬೋರ್ಡಿಗೂ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐಇಯ 4 ಲೇನ್ ಮಾತ್ರ ಬಳಸುತ್ತದೆ, ಹಳೇ ಪಿಸಿಐಇ 3.0 ಇರುವ ನಮ್ಮಂಥ ಬೋರ್ಡಿನಲ್ಲಿ ಇನ್ನೂ ಸೋಲುತ್ತದೆ.

ಎಲ್ಲಾ ಬಿಟ್ಟು ಹೊಸ ಪಿಸಿಯೇ ಕಟ್ಟೋಣ ಅಂದರೆ ಹೊಸ ತಲೆಮಾರಿನ ಎಎಂ5 ಬೋರ್ಡ್, ಡಿಡಿಆರ್5 ರ್‍ಯಾಮ್ ಎಲ್ಲ ಬೇಕು. ಈಗಿನ ರ್‍ಯಾಮ್ ಬೆಲೆಯಲ್ಲಿ ಅದು ಬೇಡ ಅನಿಸುತ್ತದೆ.

ಪಿಸಿ ಸ್ವಚ್ಛ ಮಾಡಿದ ಮೇಲೆ ಒಂದು ಗಂಟೆ ಆಡಿ, ಜಿಪಿಯು ಬಳಕೆ, ಪ್ರೊಸೆಸರ್ ಮತ್ತು ಕಾರ್ಡ್ ಎರಡರ ಬಿಸಿ, ಫ್ರೇಮ್ ಎಷ್ಟಿತ್ತು ಅಂತ ನನಗೆ ಕಳಿಸು. ಮದರ್‌ಬೋರ್ಡ್ ಮೇಲಿನ ಮಾಡೆಲ್ ನಂಬರ್ ಮತ್ತು ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಫೋಟೋನೂ ಬೇಕು. ಟೋನರ್ ತರಲು ಸಿಕಂದರಾಬಾದಿಗೆ ಹೋಗುವುದಿದೆ. ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ರ್‍ಯಾಮ್, 5600 ಎರಡರ ಬೆಲೆ ಕೇಳಿ ಫೋನ್ ಮಾಡುತ್ತೇನೆ. ನೀನು ಹೂಂ ಅಂದರೆ ಅಲ್ಲಿಂದಲೇ ತರುತ್ತೇನೆ.

ಮಾಮಾ, ಅತ್ತೆ ಇಬ್ಬರಿಗೂ ಕೇಳಿದೆ ಅಂತ ಹೇಳು. ಬಿಸಿಲಲ್ಲಿ ನೀರು ಜಾಸ್ತಿ ಕುಡಿ.

ನಿನ್ನ
ಅವ್ವ