ವಸಡಿನ ರೋಗಾಣು ಮತ್ತು ಅಮೀಬಾ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ, ವಸಡಿನ ರೋಗಾಣು ಅಮೀಬಾದ ಮೂಲಕ ಹರಡುತ್ತದೆಯೇ ಎಂಬ ನಮ್ಮ ಚರ್ಚೆಯ ಕುರಿತು ಈ ಮಾತು. ವಸಡಿನ ರೋಗಕ್ಕೆ ಕಾರಣವಾಗುವ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಆಮ್ಲಜನಕವಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾ ಆದ್ದರಿಂದ, ಬಾಯಿಯ ಹೊರಗೆ ಅದು ಹೆಚ್ಚು ಕಾಲ ಉಳಿಯದೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ನೀರು ಮತ್ತು ಮಣ್ಣಿನಲ್ಲಿ ಸ್ವತಂತ್ರವಾಗಿ ಜೀವಿಸುವ ಅಕಾಂತಮೀಬಾ ಎಂಬ ಅಮೀಬಾದೊಡನೆ ಬೆಳೆಸಿದಾಗ ವಸಡಿನ ರೋಗಾಣುಗಳು ವೃದ್ಧಿಯಾಗಬಲ್ಲವೆಂದು 2006ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದು ವರದಿ ಮಾಡಿತು. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಅಮೀಬಾದೊಳಗೆ ಹೀಗೆಯೇ ಆಶ್ರಯ ಪಡೆಯುತ್ತದೆಂಬುದು 1980ರಿಂದಲೇ ತಿಳಿದ ಸಂಗತಿ. ಅಕಾಂತಮೀಬಾ ತನ್ನ ಸುತ್ತ ಗಟ್ಟಿ ಹೊದಿಕೆ ಕಟ್ಟಿಕೊಂಡ (ಸಿಸ್ಟ್) ಸ್ಥಿತಿಯಲ್ಲಿ ಕ್ಲೋರಿನ್ನನ್ನೂ ತಡೆದುಕೊಳ್ಳುವುದರಿಂದ ಮತ್ತು ದಂತಚಿಕಿತ್ಸಾ ಉಪಕರಣಗಳ ನೀರಿನ ಕೊಳವೆಗಳಲ್ಲಿ ಅದು ಕಂಡುಬರುವುದರಿಂದ, ಈ ಸಂಬಂಧ ಕೇವಲ ಕುತೂಹಲದ ವಿಷಯವಲ್ಲ. ಆದರೂ ಪ್ರಯೋಗಾಲಯದ ಫಲಿತಾಂಶವನ್ನು ರೋಗ ಹರಡುವ ದಾರಿಗೆ ಪುರಾವೆಯೆಂದು ಹಂಚಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಆತುರವಾಗುತ್ತದೆ. ಬಾಯಲ್ಲೇ ವಾಸಿಸುವ ಎಂಟಮೀಬಾ ಜಿಂಜಿವಾಲಿಸ್ ಎಂಬ ಅಮೀಬಾ ಬೇರೆಯೇ ಜೀವಿಯಾಗಿದ್ದು, ಚರ್ಚೆಯಲ್ಲಿ ಅದನ್ನು ಅಕಾಂತಮೀಬಾದೊಡನೆ ಬೆರೆಸಬಾರದೆಂದು ಕೋರುತ್ತೇನೆ.