ಅವಳ ಒಪ್ಪಿಗೆಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ಹದಿನೆಂಟು ತುಂಬದ ಹುಡುಗಿ ಬಸುರಿಯಾದರೆ, ಗರ್ಭ ತೆಗೆಸಲು 1971ರ ಕಾನೂನಿನಂತೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮನೆಯೊಳಗಿನವನೇ ದೌರ್ಜನ್ಯ ಮಾಡಿದ್ದರೆ ಅವಳು ಯಾರ ಸಹಿಗೆ ಕಾಯಬೇಕು? ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಹುಡುಗಿ ದುಪಟ್ಟಾ ಎಳೆದೆಳೆದು ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದಳು. ತಾಯಿ ಪಕ್ಕದಲ್ಲೇ ಇದ್ದರೂ ಆಸ್ಪತ್ರೆಯವರು 'ಅಪ್ಪನ್ನ ಕರ್ಕೊಂಡು ಬಾ' ಅಂದರು. ಹುಡುಗಿಯನ್ನು ನೋಡಿಕೊಳ್ಳುವವರು ಯಾರೇ ಆದರೂ ಪೋಷಕರೇ ಎಂದು ಕಾನೂನೇ ಹೇಳುತ್ತದೆ. ಹೀಗೆ ಸುಮ್ನೆ ಅಲೆದಾಡಿಸಿದರೆ 24 ವಾರಗಳ ಮಿತಿ ಮೀರಿಹೋಗುತ್ತದೆ. ಹುಡುಗಿ ಮತ್ತು ಅವಳ ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಅವಳ ಹೆಸರು ಹೇಳಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದೊಡ್ಡ ಹೆಜ್ಜೆ. 16 ದಾಟಿದವರ ಸ್ವಂತ ಒಪ್ಪಿಗೆಯೇ ಸಾಕೆಂದು ಈಗ ಕಾನೂನು ತಿದ್ದಬೇಕು. ಹೆರುತ್ತೇನೆ ಅನ್ನುವವಳ ಮಾತಿಗೂ ಅಷ್ಟೇ ಬೆಲೆ ಸಿಗಬೇಕು, ಅಲ್ವಾ?

– ಒಬ್ಬ ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ