ಎರಡನೇ ಪ್ರಾಶಸ್ತ್ಯಕ್ಕೂ ಬೆಲೆ ಬರಲಿ

ಸಂಪಾದಕರಿಗೆ,

2018ರ ವಿಧಾನಸಭಾ ಚುನಾವಣೆಯಲ್ಲಿ ಶೇ 36ರಷ್ಟು ಮತ ಪಡೆದ ಬಿಜೆಪಿ 104 ಸ್ಥಾನ ಗೆದ್ದಿತು. ಶೇ 38ರಷ್ಟು ಪಡೆದ ಕಾಂಗ್ರೆಸ್‌ಗೆ ದಕ್ಕಿದ್ದು 80. 2023ರಲ್ಲೂ ಬಿಜೆಪಿಯ ಮತಪ್ರಮಾಣ ಶೇ 36ರ ಆಸುಪಾಸಿನಲ್ಲೇ ಇತ್ತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಎಷ್ಟು ಮತ ಎನ್ನುವುದಕ್ಕಿಂತ ಅವು ಎಲ್ಲಿ ಬಿದ್ದವು, ಎದುರಾಳಿಗಳ ನಡುವೆ ಹೇಗೆ ಹಂಚಿಹೋದವು ಎಂಬುದೇ ನಿರ್ಣಾಯಕ. ಜಯನಗರದಲ್ಲಂತೂ ಅಂತರ ಬರೀ 16 ಮತ!

ಹೆಚ್ಚು ಮತ ಪಡೆದವರೇ ಗೆಲ್ಲುವ ಈ ಪದ್ಧತಿಗಿಂತ ಬೇರೆ ವಿಧಾನ ನಮಗೆ ಹೊಸದಲ್ಲ. ವಿಧಾನ ಪರಿಷತ್ತಿನ ಬೆಂಗಳೂರು ಪದವೀಧರ ಕ್ಷೇತ್ರದಲ್ಲಿ ಮತದಾರರು 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಆ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸುತ್ತಾರೆ. (ಅಂಕಿ ಬದಲು ಟಿಕ್ ಹಾಕಿದರೆ ಮತ ಅಸಿಂಧು, ಪದವೀಧರರೂ ಇಲ್ಲಿ ಎಡವುತ್ತಾರೆ.) ಪಾಲಿಕೆ ವಾರ್ಡ್‌ಗಳಲ್ಲಿ ಇದನ್ನು ತರಲು ಕಾನೂನು ತಿದ್ದಬೇಕು, ಸರ್ಕಾರ ಆ ಚರ್ಚೆ ಆರಂಭಿಸಲಿ.

–ಮತದಾರರು, ಬೆಂಗಳೂರು